ಅರ್ಧ ಕ್ರೆಡಿಟ್

ಕ್ರಿಸ್‌ಮಸ್ ರಜೆ ಮುಗಿದು ಶಾಲೆ ತೆರೆದ ಮೂರನೇ ದಿನ ಟ್ರೆಸಾ ಒಂದು ಹಳದಿ ಹಾಳೆ ಹಿಡಿದುಕೊಂಡು ಮನೆಗೆ ಬಂದಳು. ಅದರಲ್ಲಿ ಹೈಸ್ಕೂಲಿನ ನಾಲ್ಕು ವರ್ಷಗಳ ಲೆಕ್ಕವಿತ್ತು. ಪಾಸಾಗಿ ಹೊರಬೀಳಲು ಇಪ್ಪತ್ತೆರಡು ಕ್ರೆಡಿಟ್ ಬೇಕು. ಮೇ ತಿಂಗಳಿಗೆ ಅವಳ ಕೈಯಲ್ಲಿ ಇರುವುದು ಇಪ್ಪತ್ತೊಂದೂವರೆ. ಪೀಟಿ ಎಂಬ ಸಾಲಿನ ಮುಂದೆ ಕೌನ್ಸೆಲರ್ ಪ್ರೂಯಿಟ್ ಮೇಡಂ ಕೆಂಪು ಶಾಯಿಯಲ್ಲಿ ಒಂದು ಸೊನ್ನೆ ಸುತ್ತಿದ್ದರು.

ಸಂಜೆ ಅಡುಗೆಮನೆಯಲ್ಲಿ ಎಲ್ಲರೂ ಇದ್ದರು. ಅಜ್ಜಿ ಓಪಲ್ ಮೇಜಿನ ಮೇಲೆ ನಾಳೆಯ ಬೀನ್ಸ್ ಕಾಳು ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಅಪ್ಪ ರಾಯ್ಸ್ ಸಾಮಿಲ್ಲಿನಿಂದ ಆಗಷ್ಟೇ ಬಂದು ಬೂಟಿನ ದಾರ ಬಿಚ್ಚುತ್ತಿದ್ದ. ಅಣ್ಣ ಕ್ಲೆಲ್ ಒಲೆಗೆ ಬೆನ್ನು ಕಾಯಿಸಿಕೊಂಡು ನಿಂತಿದ್ದ. ಅಮ್ಮ ವಾಂಡಾ ಪಾತ್ರೆ ತೊಳೆಯುತ್ತಿದ್ದಳು. ಆರು ಗಂಟೆಗೆ ಅವಳು ಪೆಟ್ರೋಲ್ ಬಂಕಿನ ಅಡುಗೆ ಕೌಂಟರಿಗೆ ಕೆಲಸಕ್ಕೆ ಹೋಗಬೇಕಿತ್ತು.

"ಏನೇ ಅದು?" ಎಂದಳು ಅಜ್ಜಿ.

"ಅರ್ಧ ಕ್ರೆಡಿಟ್ ಕಮ್ಮಿ ಬಿದ್ದಿದೆ ಅಜ್ಜಿ. ಒಂಬತ್ತನೇ ಕ್ಲಾಸಿನ ಪೀಟಿ."

"ಓಡೋದಕ್ಕೂ ನೆಗೆಯೋದಕ್ಕೂ ಲೆಕ್ಕ ಇಡ್ತಾರಾ?"

"ಇಡ್ತಾರೆ. ಅದಿಲ್ದೆ ಡಿಪ್ಲೊಮಾ ಕೊಡಲ್ಲ."

"ಒಂಬತ್ತನೇ ಕ್ಲಾಸಲ್ಲಿ ನೀನು ಓಡ್ಲಿಲ್ವಾ?"

ವಾಂಡಾ ನಲ್ಲಿ ನಿಲ್ಲಿಸಿದಳು. ಕೇಳಿದ ಮೇಲೆ ಅಜ್ಜಿಗೂ ನೆನಪಾಯಿತು. ತಲೆ ತಗ್ಗಿಸಿ ಮತ್ತೆ ಕಾಳಿಗೆ ಕೈ ಹಾಕಿದಳು. ರಾಯ್ಸ್ ಒಂದು ಬೂಟು ಬಿಚ್ಚಿ ಪಕ್ಕಕ್ಕಿಟ್ಟ.

ಆ ವರ್ಷದ ಚಳಿಗಾಲದಲ್ಲಿ ಒಂದು ದಿನ ಟ್ರೆಸಾ ಒಲೆ ಆರಿಹೋಗಲು ಬಿಟ್ಟಿದ್ದಳು. ನೀರಿನ ಪೈಪುಗಳು ಹೆಪ್ಪುಗಟ್ಟಿ ಒಡೆದಿದ್ದವು. ರಾಯ್ಸ್ ಅವಳ ಎಡಗೈಯನ್ನು ಬೆನ್ನ ಹಿಂದಕ್ಕೆ ತಿರುಚಿ ಫ್ರೀಜರಿಗೆ ಅದುಮಿದ್ದ. ಮೊಣಕೈ ಮುರಿಯಿತು. ವಾಂಡಾ ಕ್ಲಿನಿಕ್ಕಿನಲ್ಲಿ, ಹುಡುಗಿ ನಮ್ಮನೆ ಜಗಲಿಯಿಂದ ಜಾರಿ ಬಿದ್ದಳು ಎಂದು ಬರೆಸಿದಳು. ಶಾಲೆಗೆ ಫೋನ್ ಮಾಡಿ, ಡೇಟನ್ನಿನಲ್ಲಿರುವ ನನ್ನ ತಂಗಿಗೆ ಹುಷಾರಿಲ್ಲ, ಟ್ರೆಸಾಳನ್ನು ಅಲ್ಲಿಗೆ ಕಳಿಸಿದ್ದೇನೆ ಎಂದಳು. ಶಾಲೆಯವರು ಪ್ಲಾಸ್ಟರ್ ನೋಡಬಾರದು ಎನ್ನುವುದಷ್ಟೇ ಅವಳ ತಲೆಯಲ್ಲಿತ್ತು. ಅಂಚೆಯಲ್ಲಿ ಡೇಟನ್ನಿಗೆ ಕಳಿಸುತ್ತೇನೆಂದು ಶಾಲೆಯಿಂದ ಪುಸ್ತಕ ತಂದು ಇದೇ ಮೇಜಿನ ಮೇಲೆ ಇಟ್ಟಳು. ಐದು ವಾರ ಟ್ರೆಸಾ ಈ ಮೇಜಿನಲ್ಲಿ ಕುಳಿತು ಇಂಗ್ಲಿಷನ್ನೂ ಗಣಿತವನ್ನೂ ಬರೆದು ಮುಗಿಸಿದಳು. ಪೀಟಿಯನ್ನು ಬರೆದು ಮುಗಿಸಲು ಬರುವುದಿಲ್ಲ. ಹಳೆಯ ಕೌನ್ಸೆಲರ್ ಪ್ರತಿ ವಸಂತದಲ್ಲೂ ಮುಂದಿನ ವರ್ಷದ ವಿಷಯಗಳ ಪಟ್ಟಿ ಮನೆಗೆ ಕಳಿಸುವಾಗ ಆ ಸಾಲಿಗೂ ಮುಗಿದಿದೆ ಎಂದು ಕಣ್ಣು ಮುಚ್ಚಿ ಗುರುತು ಹಾಕುತ್ತಿದ್ದ. ವಾಂಡಾ ಸಹಿ ಮಾಡಿ ವಾಪಸು ಕಳಿಸುತ್ತಿದ್ದಳು. ಹೊಸದಾಗಿ ಬಂದ ಪ್ರೂಯಿಟ್ ಮೇಡಂ ಒಂದೊಂದನ್ನೂ ಎಣಿಸಿದರು.

"ಈಗ ಏನ್ಮಾಡಬೇಕಂತೆ?" ವಾಂಡಾ ತಿರುಗದೆಯೇ ಕೇಳಿದಳು.

"ಪೀಟಿ ಇರೋದು ಮೂರನೇ ಪಿರಿಯಡ್ ಮಾತ್ರ. ಆಗ ನನಗೆ ನರ್ಸ್ ಸಹಾಯಕಿ ಕೆಲಸ ಕಲಿಸೋ ಏಡ್ ಕ್ಲಾಸಿದೆ. ವ್ಯಾನಲ್ಲಿ ವೃದ್ಧಾಶ್ರಮಕ್ಕೆ ಹೋಗ್ತೀವಿ. ಅದನ್ನ ಬಿಟ್ರೆ ಸರ್ಟಿಫಿಕೇಟ್ ಸಿಗಲ್ಲ. ಲೆಕ್ಸಿಂಗ್ಟನ್ ಆಸ್ಪತ್ರೆಯವರಿಗೆ ಡಿಪ್ಲೊಮಾ, ಸರ್ಟಿಫಿಕೇಟ್ ಎರಡೂ ಬೇಕು. ಜೂನ್ ಮೂರಕ್ಕೆ ಕೆಲಸಕ್ಕೆ ಬಾ ಅಂತ ಕಾಗದ ಹಾಕಿದಾರಲ್ಲ."

"ಆ ಮುದುಕರ ಕ್ಲಾಸ್ ಬಿಟ್ಟಾಕು," ಎಂದ ರಾಯ್ಸ್. "ಇಲ್ಲೇ ಒಬ್ಳು ಮುದುಕಿ ಇದಾಳಲ್ಲ, ಇವಳ ಕುಂಡಿ ತೊಳಿ. ಸರ್ಟಿಫಿಕೇಟ್ ನಾನು ಕೊಡ್ತೀನಿ."

"ನಿನ್ನ ಹೆಸರನ್ನ ತಪ್ಪಿಲ್ದೆ ಬರೆಯೋದು ಮೊದ್ಲು ಕಲಿಯೋ. ಆಮೇಲೆ ಸರ್ಟಿಫಿಕೇಟ್ ಕೊಡುವಂತೆ," ಎಂದಳು ಅಜ್ಜಿ.

ರಾಯ್ಸ್ ನಕ್ಕ. ಎಲ್ಲರೂ ನಕ್ಕರು. ಕ್ಲೆಲ್‌ನ ನಗು ಮಾತ್ರ ಸ್ವಲ್ಪ ತಡವಾಗಿ ನಿಂತಿತು. ರಾಯ್ಸ್ ಎರಡನೇ ಬೂಟನ್ನು ಕಾಲಿನಿಂದ ಎಳೆದವನು ಹಾಗೇ ಬೀಸಿ ಒಗೆದ. ಅದು ಕ್ಲೆಲ್‌ನ ಬಾಯಿಗೆ ಬಡಿಯಿತು.

"ನೀನ್ಯಾಕೋ ಹಲ್ಲು ಕಿರೀತೀಯಾ? ಒಂದು ಕ್ರೆಡಿಟ್ ಸಿಗಲಿಲ್ಲ ಅಂತ ಶಾಲೆ ಬಿಟ್ಟ ಕತ್ತೆ!"

ಕ್ಲೆಲ್ ತುಟಿಯ ರಕ್ತವನ್ನು ತೋಳಿನಿಂದ ಒರೆಸಿಕೊಂಡು ಬೂಟನ್ನು ಎತ್ತಿ ಇನ್ನೊಂದರ ಪಕ್ಕ ಜೋಡಿಸಿಟ್ಟ. ವಾಂಡಾ ಬೀನ್ಸ್, ಹುರಿದ ಆಲೂಗಡ್ಡೆ, ಜೋಳದ ಬ್ರೆಡ್ ಬಡಿಸಿದಳು. ರಾಯ್ಸ್ ಎರಡು ಸಲ ಹಾಕಿಸಿಕೊಂಡು ತಿಂದ. ಯಾರೂ ಆ ಹಾಳೆಯ ಮಾತೆತ್ತಲಿಲ್ಲ.

ಶಾಲೆ ಬಿಟ್ಟ ಮೇಲೆ ನಡೆಯುವ ಇನ್ನೊಂದು ಪೀಟಿ ತರಗತಿಯಿತ್ತು. ವಾರಕ್ಕೆ ನಾಲ್ಕು ದಿನ, ಐದು ಗಂಟೆಯವರೆಗೆ, ಎಂಟು ವಾರ. ಮೂರು ದಿನ ತಪ್ಪಿಸಿದರೆ ಹೆಸರು ತೆಗೆದುಹಾಕುತ್ತಾರೆ. ವಾಂಡಾಳ ಪಾಳಿ ಆ ತಿಂಗಳಿಂದ ಮಧ್ಯಾಹ್ನಕ್ಕೆ ಬದಲಾಗಿತ್ತು. ರಾಯ್ಸ್ ಐದೂವರೆಗೆ ಮನೆಗೆ ಬರುವ ಹೊತ್ತಿಗೆ ಟ್ರೆಸಾ ಮಾಡಿದ ಊಟ ಮೇಜಿನ ಮೇಲಿರಬೇಕು. ಇದನ್ನು ಹೇಗೆ ಹೊಂದಿಸುವುದೆಂದು ಅವಳು ಅಜ್ಜಿಯನ್ನು ಕೇಳಿದಳು.

"ಬೀನ್ಸ್ ಬೇಯಿಸೋಕೆ ನನ್ಗೇನು ಬರಲ್ವಾ? ನೀನು ಹುಟ್ಟೋ ಮುಂಚೆ ಇಲ್ಲಿ ಯಾರು ಬೇಯಿಸ್ತಿದ್ರು ಅಂದ್ಕೊಂಡಿದೀಯ?"

"ನಿಂಗೆ ನಿಂತ್ಕೊಳ್ಳೋಕೇ ಆಗಲ್ವಲ್ಲ ಅಜ್ಜಿ."

"ಕೂತು ಬೇಯಿಸ್ತೀನಿ. ನೀನು ಹೋಗಿ ನೆಗಿ."

ಕರೆತರಲು ಕ್ಲೆಲ್ ಒಪ್ಪಿದ. ಅವನೂ ಅದೇ ಸಾಮಿಲ್ಲಿನಲ್ಲಿದ್ದ. ಬೆಳಗಿನ ಪಾಳಿ, ಮೂರಕ್ಕೆ ಮುಗಿಯುತ್ತಿತ್ತು.

"ಪುಕ್ಸಟ್ಟೆ ಅಲ್ಲ ಮತ್ತೆ. ನನ್ನ ಬಟ್ಟೆಯೆಲ್ಲ ಒಗೀಬೇಕು. ಒಳಚಡ್ಡಿ ಸಮೇತ."

"ಥೂ! ಅದನ್ನ ಸುಟ್ಟುಹಾಕಿ ಹೊಸದು ತಂದ್ಕೊಡ್ತೀನಿ."

ಫೆಬ್ರವರಿ ಹೀಗೆ ಕಳೆಯಿತು. ಟ್ರೆಸಾ ತನಗಿಂತ ಚಿಕ್ಕ ಹುಡುಗರ ಜೊತೆ ಜಿಮ್ಮಿನ ಸುತ್ತ ಓಡಿದಳು. ಎಡಗೈ ಪೂರ್ತಿ ನೇರವಾಗದ ಕಾರಣ ಚೆಂಡು ಎಸೆಯುವಾಗ ಹುಡುಗರು ಅಣಕಿಸುತ್ತಿದ್ದರು. ಐದು ಗಂಟೆಗೆ ಕ್ಲೆಲ್‌ನ ಪಿಕಪ್ ಹಿಂದಿನ ಗೇಟಿನಲ್ಲಿ ನಿಂತಿರುತ್ತಿತ್ತು. ಐದೂ ಇಪ್ಪತ್ತಕ್ಕೆ ಅವಳು ಏಪ್ರನ್ ಕಟ್ಟಿಕೊಂಡು ಒಲೆಯ ಮುಂದೆ ನಿಂತಿರುತ್ತಿದ್ದಳು. ಅಜ್ಜಿ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಏನೂ ಮಾಡಿಲ್ಲದವಳ ಹಾಗೆ ಕುಳಿತಿರುತ್ತಿದ್ದಳು. ರಾಯ್ಸ್ ತಿಂದು, "ಈಚೆಗೆ ಉಪ್ಪು ಸರಿಯಾಗಿ ಹಾಕೋದು ಕಲ್ತಿದೀಯ," ಎಂದಿದ್ದ ಒಂದು ದಿನ.

ಐದನೇ ವಾರದ ಮಂಗಳವಾರ ಮಿಲ್ಲಿನ ಬೆಲ್ಟ್ ಹರಿಯಿತು. ರಾಯ್ಸ್ ನಾಲ್ಕೂವರೆಗೇ ಮನೆಗೆ ಬಂದ. ಅಡುಗೆಮನೆ ತುಂಬ ಹೊಗೆ. ಬೀನ್ಸ್ ತಳ ಹಿಡಿದು ಕರಕಲಾಗಿತ್ತು. ಅವನ ಅಮ್ಮ ಓಪಲ್ ಒಲೆಯ ಮುಂದೆ ನೆಲದ ಮೇಲೆ ಬಿದ್ದಿದ್ದಳು, ಎಚ್ಚರವಿತ್ತು, ಏಳಲು ಆಗುತ್ತಿರಲಿಲ್ಲ.

"ಎಷ್ಟೊತ್ತಾಯ್ತು?"

"ಈಗ ತಾನೇ."

"ಕಾಳು ಕರಕಲಾಗಿದೆ. ಸುಳ್ಳು ಹೇಳ್ಬೇಡ. ಅವಳೆಲ್ಲಿ?"

"ಕಟ್ಟಿಗೆ ತರೋಕೆ ಹೋಗಿದಾಳೆ."

ರಾಯ್ಸ್ ಅವಳನ್ನು ಎತ್ತಿ ಹಾಸಿಗೆಯಲ್ಲಿ ಮಲಗಿಸಿದ. ಬಿಸಿನೀರಲ್ಲಿ ಬಟ್ಟೆ ಅದ್ದಿ ಸೊಂಟಕ್ಕೆ ಇಟ್ಟ. ಆಮೇಲೆ ಅಲಗಿಲ್ಲದ ಕೊಡಲಿಯ ಮರದ ಕಾವು ಹಿಡಿದು ಜಗಲಿಯಲ್ಲಿ ಕುಳಿತ.

ಪಿಕಪ್ ಅಂಗಳಕ್ಕೆ ಬಂತು. ರಾಯ್ಸ್ ಮೊದಲು ಮುಂದಿನ ಗಾಜಿಗೆ ಹೊಡೆದ. ಗಾಜು ಪುಡಿಪುಡಿಯಾಗಿ ಇಬ್ಬರ ತೊಡೆಯ ಮೇಲೆ ಸುರಿಯಿತು. ಕ್ಲೆಲ್‌ನನ್ನು ಕತ್ತಿನ ಪಟ್ಟಿ ಹಿಡಿದು ಹೊರಗೆಳೆದ.

"ನಮ್ಮಮ್ಮ ನೆಲದ ಮೇಲೆ ಬಿದ್ದಿದ್ಲು ಕಣೋ! ನೀನು ಇವಳನ್ನ ಕೂರಿಸ್ಕೊಂಡು ಮೆರವಣಿಗೆ ಮಾಡ್ತಿದೀಯಾ?"

"ಪೀಟಿಗೆ ಹೋಗಿದ್ಲು! ನಿನ್ನಿಂದ ತಪ್ಪಿದ ಪೀಟಿ!"

ಆ ಮಾತು ಮುಗಿಯುವಷ್ಟರಲ್ಲಿ ಕಾವು ಕ್ಲೆಲ್‌ನ ಪಕ್ಕೆಗೆ ಬಿತ್ತು. ಎರಡನೇ ಏಟಿಗೆ ಅವನು ಕೆಸರಿಗೆ ಉರುಳಿದ. ಮೂರನೆಯದಕ್ಕೆ ಟ್ರೆಸಾ ಅಡ್ಡ ಹೋದಳು. ರಾಯ್ಸ್ ಅವಳ ಕೂದಲು ಹಿಡಿದು ಪಕ್ಕಕ್ಕೆ ಎಸೆದ. ಮುಷ್ಟಿಯಲ್ಲಿ ಒಂದು ಹಿಡಿ ಕೂದಲು ಉಳಿಯಿತು. ಅದನ್ನು ನೋಡಿದ. ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಹೋದ.

ಕ್ಲೆಲ್‌ನ ಎರಡು ಪಕ್ಕೆಲುಬು ಬಿರುಕುಬಿಟ್ಟಿದ್ದವು. ಅವನು ಕ್ಲಿನಿಕ್ಕಿಗೆ ಹೋಗಲಿಲ್ಲ. ವಾಂಡಾ ಹಳೆಯ ಹಾಸುಬಟ್ಟೆ ಹರಿದು ಎದೆಗೆ ಸುತ್ತಿದಳು. ಅಜ್ಜಿಯನ್ನು ಎತ್ತಿ ಕೂರಿಸಲು, ಮಲಗಿಸಲು ಯಾರಾದರೂ ಮನೆಯಲ್ಲಿರಬೇಕಿತ್ತು. ವಾಂಡಾ ರಜೆ ಹಾಕಿದರೆ ಕೆಲಸ ಹೋಗುತ್ತಿತ್ತು. ಟ್ರೆಸಾ ನಾಲ್ಕು ದಿನ ಮನೆಯಲ್ಲುಳಿದಳು. ಐದನೇ ದಿನ ಹೋದಾಗ ಸಂಜೆಯ ತರಗತಿಯ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಮಾರ್ಚ್ ಕೊನೆಯಲ್ಲಿ ಪ್ರೂಯಿಟ್ ಮೇಡಂ ಅವಳನ್ನು ಕರೆಸಿದರು.

"ಇನ್ನೊಂದು ದಾರಿ ಇದೆ ಟ್ರೆಸಾ. ಆ ವರ್ಷ ಏನಾದ್ರೂ ದೊಡ್ಡ ಪೆಟ್ಟಾಗಿದ್ರೆ ಪೀಟಿಗೆ ವಿನಾಯಿತಿ ಕೊಡಬಹುದು. ಅರ್ಧ ಕ್ರೆಡಿಟ್ ನಾನೇ ಹಾಕ್ತೀನಿ. ಆದ್ರೆ ನಮ್ಮ ದಾಖಲೆಯಲ್ಲಿ ನೀನು ಆಗ ಡೇಟನ್ನಿಗೆ ಹೋಗಿದ್ದೆ ಅಂತಿದೆ."

ಮೇಡಂ ಅವಳ ಎಡ ಮೊಣಕೈಯನ್ನು ನೋಡಿದರು. ನೋಡಿದ್ದು ಗೊತ್ತಾಗುವ ಹಾಗೆಯೇ ನೋಡಿದರು.

"ಕ್ಲಿನಿಕ್ಕಿನ ಕಾಗದ ಬೇಕು. ಅಪ್ಪ ಅಮ್ಮ ಯಾರಾದ್ರೊಬ್ರು ಇಲ್ಲಿಗೆ ಬಂದು, ನನ್ನೆದುರು ತಮ್ಮ ಕೈಯಾರೆ ಬರೆದು ಸಹಿ ಮಾಡ್ಬೇಕು. ಏಪ್ರಿಲ್ ಹದಿನೈದು ಕೊನೇ ದಿನ. ಇನ್ನೊಂದು ಮಾತು ಈಗ್ಲೇ ಹೇಳಿಬಿಡ್ತೀನಿ. ಮಕ್ಕಳಿಗೆ ಯಾರಾದ್ರೂ ಹೊಡೆದಿದ್ದು ನನಗೆ ತಿಳಿದ್ರೆ ನಾನು ಪೊಲೀಸ್ ಶೆರಿಫ್‌ಗೆ ಫೋನ್ ಮಾಡ್ಲೇಬೇಕು. ಅದು ಕಾನೂನು. ನನ್ನಿಷ್ಟ ಅಲ್ಲ."

ಶನಿವಾರ ರಾಯ್ಸ್ ಮಿಲ್ಲಿಗೆ ಹೋಗಿದ್ದಾಗ ಟ್ರೆಸಾ ಫಾರಮ್ಮಿನ ನಕಲನ್ನು ಅಮ್ಮನ ಮುಂದಿಟ್ಟಳು. ವಾಂಡಾ ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಜಾರಿ ಬಿದ್ಲು ಅಂತ ಬರೀತೀನಿ ಬಿಡು."

"ಜಾರಿ ಬಿದ್ದೋಳನ್ನ ಡೇಟನ್ನಿಗೆ ಯಾಕೆ ಕಳಿಸಿದ್ರಿ ಅಂತ ಕೇಳ್ತಾರೆ."

"ಡೇಟನ್ನಲ್ಲೇ ಬಿದ್ಲು ಅಂತೀನಿ."

"ಕ್ಲಿನಿಕ್ಕಿನ ಕಾಗದದಲ್ಲಿ ನಮ್ಮನೆ ಜಗಲಿ ಅಂತಿದೆ ಅಮ್ಮ. ನೀನೇ ಬರೆಸಿದ್ದು. ಶಾಲೇಲಿ ನಾನು ಊರಲ್ಲೇ ಇರ್ಲಿಲ್ಲ. ಕ್ಲಿನಿಕ್ಕಲ್ಲಿ ಜಗಲಿಯಿಂದ ಬಿದ್ದೆ. ಎರಡೂ ಒಂದೇ ದಿನ."

ವಾಂಡಾ ಮಡಿಸಿದ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದಳು.

"ಎರಡೂ ಕಡೆ ಒಂದೇ ಸುಳ್ಳು ಹೇಳ್ಬೇಕಿತ್ತು," ಎಂದಳು ಹಾಸಿಗೆಯಿಂದ ಅಜ್ಜಿ. "ನನ್ನ ಕೇಳಿದ್ರೆ ಹೇಳ್ಕೊಡ್ತಿದ್ದೆ. ನಿಮ್ಮ ಮಾವ ಬದುಕಿದ್ದಷ್ಟು ದಿನ ನಾನು ಒಂದೇ ಸುಳ್ಳು ಹೇಳಿದೀನಿ. ಹಸು ಒದೀತು. ಡಾಕ್ಟರಿಗೂ ಹಸು, ಪಾದ್ರಿಗೂ ಹಸು. ಹಸು ಮಾರಿದ ಮೇಲೂ ಹಸು."

"ಹಂಗಾದ್ರೆ ನೀವೇ ಹೇಳಿ ಅತ್ತೆ, ಈಗ ಏನು ಬರೀಲಿ?"

"ನನ್ನ ಕೇಳ್ಬೇಡ. ಅವನು ನನ್ನ ಮಗ. ಅವನ ವಿರುದ್ಧ ನಾನು ಒಂದಕ್ಷರ ಬರೆಯಲ್ಲ." ಹೊದಿಕೆ ಎಳೆದುಕೊಂಡು ಹೇಳಿದಳು: "ನೀನು ಬರೆದ್ರೆ, ಅದು ಸುಳ್ಳು ಅಂತ ಹೇಳೋಕೂ ಹೋಗಲ್ಲ."

"ಬರೆದ್ರೆ ಅವರನ್ನ ಹಿಡ್ಕೊಂಡು ಹೋಗ್ತಾರೆ. ಮನೆ ಬಾಡಿಗೆ ಯಾರು ಕಟ್ತಾರೆ? ನಿಮ್ಮ ಮಾತ್ರೆ ಯಾರು ತರ್ತಾರೆ?"

ಟ್ರೆಸಾ ಫಾರಮ್ಮನ್ನು ಮಡಿಸಿದಳು.

"ಬಿಡು ಅಮ್ಮ. ನಾನು ಏಡ್ ಕ್ಲಾಸ್ ಬಿಟ್ಟು ಬರುವ ವರ್ಷ ಮತ್ತೆ ಪೀಟಿಗೆ ಹೋಗ್ತೀನಿ. ಹತ್ತೊಂಬತ್ತು ವರ್ಷದ ಕತ್ತೆ, ಮಕ್ಕಳ ಜೊತೆ ಚೆಂಡು ಎಸೀತೀನಿ. ಸಂಜೆ ಬಂದು ನಿಮಗೆಲ್ಲ ಬೇಯಿಸಿ ಹಾಕ್ತೀನಿ."

"ನಾಲಿಗೆ ಬಿಗಿ ಹಿಡಿ ಟ್ರೆಸಾ."

"ಮೂರು ವರ್ಷದಿಂದ ಅದನ್ನೇ ಮಾಡಿದೀನಿ!"

ವಾಂಡಾ ಅವಳ ಕೆನ್ನೆಗೆ ಹೊಡೆದಳು. ಅದುವರೆಗೆ ಅವಳು ಮಕ್ಕಳ ಮೇಲೆ ಕೈ ಮಾಡಿರಲಿಲ್ಲ. ಮೂವರೂ ಅದನ್ನು ಗಮನಿಸಿದರು. ವಾಂಡಾ ಮತ್ತೆ ಬಟ್ಟೆ ಮಡಿಸತೊಡಗಿದಳು.

ಏಪ್ರಿಲ್ ಎರಡನೇ ಭಾನುವಾರ ಹಾಸಿಗೆ ಹಿಡಿದ ಅಜ್ಜಿಯನ್ನು ಬಿಟ್ಟು ಉಳಿದವರೆಲ್ಲ ಚರ್ಚಿನಿಂದ ಬಂದು ಊಟಕ್ಕೆ ಕುಳಿತಿದ್ದರು. ಕೋಳಿ ಕರಿದಿದ್ದರು. ರಾಯ್ಸ್ ಖುಷಿಯಲ್ಲಿದ್ದ, ಕ್ಲೆಲ್‌ನ ಪಿಕಪ್ಪಿಗೆ ತಾನೇ ಹೊಸ ಗಾಜು ಕೂರಿಸಿಕೊಟ್ಟಿದ್ದ.

"ನೋಡಿದ್ಯಾ, ಒಂದು ಹನಿ ನೀರು ಒಳಗೆ ಬರಲ್ಲ. ಅಪ್ಪನಿಗೆ ಥ್ಯಾಂಕ್ಸ್ ಹೇಳೋ."

"ಒಡೆದಿದ್ದಕ್ಕಾ, ಹಾಕಿದ್ದಕ್ಕಾ?"

"ಎರಡಕ್ಕೂ."

ಕ್ಲೆಲ್ ಚಮಚ ಕೆಳಗಿಟ್ಟ. ಉಸಿರೆಳೆದರೆ ಅವನ ಪಕ್ಕೆ ಇನ್ನೂ ನೋಯುತ್ತಿತ್ತು. "ಅಮ್ಮ, ನಾಳೆ ಕೊನೇ ದಿನ ಅಲ್ವಾ? ಹೋಗಿ ಬರೀ. ಇವಳ ಕೈ ಯಾರು ಮುರಿದ್ರು ಅಂತ ಬರೀ. ಶೆರಿಫ್ ಬರ್ಲಿ. ಅವನಿಗೂ ಥ್ಯಾಂಕ್ಸ್ ಹೇಳೋಣ."

ರಾಯ್ಸ್ ಊಟ ನಿಲ್ಲಿಸಲಿಲ್ಲ. ಕೋಳಿಯ ಮೂಳೆ ಚೀಪಿದ. ತಟ್ಟೆಯ ಗ್ರೇವಿಯನ್ನು ಬ್ರೆಡ್ಡಿನಿಂದ ಒರೆಸಿ ತಿಂದ. ನೀರು ಕುಡಿದ. ಎದ್ದು ಒಲೆಯ ಮೇಲಿದ್ದ ಎರಕದ ಬಾಣಲೆಯನ್ನು ಎತ್ತಿಕೊಂಡ. ಎಣ್ಣೆ ತಣ್ಣಗಾಗಿತ್ತು, ಅದನ್ನು ಸಿಂಕಿಗೆ ಸುರಿದ. ವಾಂಡಾಳ ಬಲಗೈ ಮಣಿಕಟ್ಟು ಹಿಡಿದು ಮೇಜಿನ ಮೇಲೆ ಒತ್ತಿದ.

"ಏನು ಬರೀತೀಯ?"

"ನಾನೇನೂ ಬರೀತಿಲ್ಲ. ಬರೀತೀನಿ ಅಂತ ನಾನು ಹೇಳೇ ಇಲ್ಲ."

"ಬರೀ, ನೋಡೋಣ," ಎಂದು ಬಾಣಲೆಯನ್ನು ಬೆರಳುಗಳ ಮೇಲೆ ಬಡಿದ.

ತಟ್ಟೆಗಳು ಹಾರಿದವು. ಎರಡನೇ ಸಲ ಎತ್ತುವಾಗ ಕ್ಲೆಲ್ ಕುರ್ಚಿಯನ್ನು ಅವನ ಬೆನ್ನಿಗೆ ಹೊಡೆದು ಮುರಿದ. ರಾಯ್ಸ್ ಮೊಣಕಾಲೂರಿದ. ಕ್ಲೆಲ್ ಕುರ್ಚಿಯ ಕಾಲಿನಿಂದಲೇ ತಲೆಗೆ, ಭುಜಕ್ಕೆ, ಎಲ್ಲಿ ಸಿಕ್ಕಿದರೆ ಅಲ್ಲಿ ಹೊಡೆದ. ಅಜ್ಜಿ ಹಾಸಿಗೆಯಿಂದ ಎದ್ದು, ಗೋಡೆ ಹಿಡಿದು, ಕೋಲೂರಿಕೊಂಡು ಬಂದಳು. ಎದ್ದು ನಿಲ್ಲಲಾರದವಳು ಹೇಗೆ ಬಂದಳೋ. ಕೋಲೆತ್ತಿ ಹೊಡೆದದ್ದು ಮಗನಿಗಲ್ಲ, ಮೊಮ್ಮಗನಿಗೆ.

"ಬಿಡೋ! ಸತ್ತುಹೋಗ್ತಾನೆ! ಬಿಡೋ ನನ್ನ ಮಗನ್ನ!"

ಕ್ಲೆಲ್ ಕುರ್ಚಿಯ ಕಾಲನ್ನು ಎಸೆದು ಹೊರಗೆ ಹೋದ. ಆ ದಿನ ಮತ್ತೆ ಬರಲಿಲ್ಲ.

ಟ್ರೆಸಾ ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ಹೋದಳು. ಮೂರು ಬೆರಳು ಮುರಿದಿದ್ದವು. ನರ್ಸ್ ಪೆನ್ನು ಹಿಡಿದು ಕೇಳಿದಳು, "ಹೇಗಾಯ್ತು?"

"ಜಗಲಿಯಿಂದ ಬಿದ್ದೆ," ಎಂದಳು ವಾಂಡಾ.

ಟ್ರೆಸಾ ಎದ್ದು ಹೊರಗೆ ಹೋಗಿ ಕಾರಿನಲ್ಲಿ ಕುಳಿತಳು.

ಸೋಮವಾರ ಬೆಳಿಗ್ಗೆ ರಾಯ್ಸ್ ತಲೆಗೆ ಬಟ್ಟೆ ಕಟ್ಟಿಕೊಂಡೇ ಮಿಲ್ಲಿಗೆ ಹೊರಟ. ಬಾಗಿಲಲ್ಲಿ ನಿಂತು ಹೆಂಡತಿಯ ಬ್ಯಾಂಡೇಜನ್ನು ನೋಡಿದ. "ಇವತ್ತು ನೀನು ಏನೂ ಕೆಲಸ ಮಾಡ್ಬೇಡ. ಸಂಜೆ ನಾನೇ ಏನಾದ್ರೂ ಕಟ್ಟಿಸ್ಕೊಂಡು ಬರ್ತೀನಿ," ಎಂದ. ಟ್ರೆಸಾ ಬಸ್ಸು ಹತ್ತಿದಳು. ಮೂರನೇ ಪಿರಿಯಡ್ಡಿಗೆ ವ್ಯಾನಿನಲ್ಲಿ ವೃದ್ಧಾಶ್ರಮಕ್ಕೆ ಹೋದಳು.

ಅವಳು ಅಲ್ಲಿದ್ದಾಗ ವಾಂಡಾ ಎಡಗೈಯಲ್ಲಿ ಸ್ಟೀರಿಂಗ್ ಹಿಡಿದು ಹತ್ತು ಮೈಲಿ ಕಾರು ಓಡಿಸಿಕೊಂಡು ಶಾಲೆಗೆ ಬಂದಳು. ಪ್ರೂಯಿಟ್ ಮೇಡಂ ಅವಳ ಕೈ ನೋಡಿ ಎದ್ದು ನಿಂತರು.

"ಕೂತ್ಕೊಳಿ ವಾಂಡಾ. ಇದು..."

"ಫಾರಂ ಕೊಡಿ."

ಮೇಡಂ ಕೊಟ್ಟರು. ವಾಂಡಾ ಕ್ಲಿನಿಕ್ಕಿನ ಕಾಗದವನ್ನು ಮೇಜಿನ ಮೇಲಿಟ್ಟು ಪೆನ್ನನ್ನು ಎಡಗೈಗೆ ತೆಗೆದುಕೊಂಡಳು. ಮೊದಲ ಅಕ್ಷರ ಮೂರು ಸಲ ತಪ್ಪಿತು.

"ನೀವು ಹೇಳಿ, ನಾನು ಬರ್ಕೊಳ್ತೀನಿ. ಈ ಕೈ ನೋಡಿದ್ರೆ ಯಾರೂ ಬೇಡ ಅನ್ನಲ್ಲ."

"ಕೈಯಾರೆ ಬರೀಬೇಕು ಅಂದಿದ್ರಂತೆ. ಆಮೇಲೆ ಯಾರಾದ್ರೂ ಬಂದು ಇದು ನಡೆಯಲ್ಲ ಅನ್ನಬಾರದು."

ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಮಧ್ಯೆ ಗಂಟೆ ಹೊಡೆಯಿತು. ಹೊರಗೆ ಮಕ್ಕಳು ಗದ್ದಲ ಮಾಡುತ್ತ ಹಾದುಹೋದರು. ಗಾಯ ಹೇಗಾಯಿತು ಎಂಬ ಸಾಲಿನ ಕೆಳಗೆ ಒಂದನೇ ತರಗತಿಯ ಮಗುವಿನ ಅಕ್ಷರಗಳಲ್ಲಿ ಹೀಗಿತ್ತು: ಅವಳು ಬೀಳಲಿಲ್ಲ. ಡೇಟನ್ನಿಗೂ ಹೋಗಲಿಲ್ಲ. ಅವಳ ಅಪ್ಪ ಕೈ ತಿರುಚಿದ. ನಾನು ನೋಡಿದೆ. ಎರಡು ಕಡೆ ಸುಳ್ಳು ಹೇಳಿದ್ದು ನಾನು.

ಮೇಡಂ ಓದಿದರು. ಕೈ ಫೋನಿನ ಕಡೆಗೆ ಹೋಯಿತು.

"ಮೊದ್ಲು ಅರ್ಧ ಕ್ರೆಡಿಟ್ ಹಾಕಿ," ಎಂದಳು ವಾಂಡಾ. "ನಾನು ನೋಡ್ಬೇಕು. ಆಮೇಲೆ ಫೋನ್ ಮಾಡಿ."

ಮೇಡಂ ಕಂಪ್ಯೂಟರಿನಲ್ಲಿ ಟ್ರೆಸಾಳ ಹೆಸರು ತೆಗೆದು ಬೆರಳಾಡಿಸಿದರು. ಪರದೆಯನ್ನು ಅವಳ ಕಡೆಗೆ ತಿರುಗಿಸಿದರು. ವಾಂಡಾ ಮುಂದೆ ಬಾಗಿ, ಕಾಲಂನಲ್ಲಿದ್ದ ಅಂಕಿಗಳನ್ನು ಮೇಲಿನಿಂದ ಕೆಳಗೆ ತುಟಿಯಲ್ಲೇ ಕೂಡಿದಳು. ಇಪ್ಪತ್ತೆರಡು. ಇನ್ನೊಂದು ಸಲ ಕೂಡಿದಳು.

"ಈಗ ಮಾಡ್ಲಾ?"

"ಮಾಡಿ. ಐದೂವರೆಗೆ ಮನೇಲಿರ್ತಾರೆ." ಎದ್ದು ನಿಂತವಳು ಮತ್ತೆ ತಿರುಗಿದಳು. "ಬರೋರಿಗೆ ಸ್ವಲ್ಪ ಹೇಳಿ ಮೇಡಂ, ಬಾಗಿಲು ಜೋರಾಗಿ ಬಡೀಬೇಡಿ ಅಂತ. ಒಳಗೆ ನಮ್ಮತ್ತೆ ಮಲಗಿರ್ತಾರೆ."